ಸಾಲಿಗೆ ಕರಿಯೋ ಖಾಲಾ

ಮೊನ್ನೆ ಇಂಡಿಗೆ ಹೊಂಟ ಬಸ್ಸಿನ್ಯಾಗ ನನ್ನ ಮಗ್ಗಲಿಗೆ ಕುಂತಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ, ಸಣ್ಣ ಡಬ್ಬಿ ತಗದು, ಬೆರಳಿಗೆ ಮಿಶ್ರಿ ಹಚ್ಚಿಕೊಂಡು ಹಲ್ಲು ತಿಕ್ಕಾಕ ಹತ್ತಿದ್ಲು. ಸುಟ್ಟ ತಂಬಾಕಿನ ಘಾಟು ಮೂಗಿಗೆ ಬಡದದ್ದಽ ತಡ, ನಾನು ಮಾರಿ ಕಿಟಕಿ ಕಡೆ ಹೊಳ್ಳಿಸಿದ್ನಿ. ಮೂವತ್ತು ವರ್ಷದ ಹಿಂದ ಇದಽ ವಾಸನಿ ಹೊತ್ತುಕೊಂಡು ದಿನಾ ಮುಂಜಾನೆ ನನ್ನ ಮುಂದ ಬಂದು ನಿಂದರ್ತಿದ್ದ ಒಬ್ಬಾಕಿ ನೆನಪಾದ್ಲು... ಆಕಿ ನೆನಪಾದ್ರ ಆ ದಿನ ನನಗ ಅನ್ನ ಸೇರೂದಿಲ್ಲ.

ನಾನು ಬಸವನ ಬಾಗೇವಾಡಿಯಾಕಿ. ನೌಕರಿ ಸಿಂದಗಿ ತಾಲೂಕಿನ ಒಂದು ಹಳ್ಳಿಯ ಹೆಣ್ಣುಮಕ್ಕಳ ಸಾಲ್ಯಾಗ. ಊರ ಹೆಸರು ಬ್ಯಾಡ, ತಪ್ಪು ಊರಿಂದಲ್ಲ. ಮುಂಬೈ ಸರಕಾರ ಹೋಗಿ ಮೈಸೂರ ಸರಕಾರ ಬಂದ ಕಾಲ ಅದು. ಆಗ ಹೆಣ್ಣುಮಕ್ಕಳನ್ನ ತಾವಾಗಿ ಸಾಲಿಗೆ ಕಳಸವರು ಎಲ್ಲಿದ್ರು? ಅದಕ್ಕಽ ಸಾಲಿಗೆ ಒಬ್ಬ ಕರಿಯಾಕಿ ಇರ್ತಿದ್ಲು. ಮುಂಜಾನೆದ್ದು ಓಣಿ ಓಣಿ ತಿರುಗಿ, ಮನಿ ಮನಿ ಬಾಗಿಲಿಗೆ ನಿಂತು ಹುಡುಗ್ಯಾರನ್ನ ಕೂಡಿಸಿಕೊಂಡು ಬರೂದು ಆಕಿ ಕೆಲಸ. ನಮ್ಮ ಸಾಲಿ ಕರಿಯಾಕಿ ಐವತ್ತರ ಹತ್ತಿರದ ಮುಸಲ್ಮಾನರಾಕಿ, ಗಂಡ ಸತ್ತಿದ್ದ, ಮಕ್ಕಳಿದ್ದಿಲ್ಲ. ಊರೆಲ್ಲ ಆಕಿಗೆ ಖಾಲಾ, ಅಂದ್ರ ಚಿಕ್ಕವ್ವ, ಅಂತಿತ್ತು. ನಾನೂ ಹಂಗಽ ಅಂತಿದ್ನಿ.

ಹನ್ನೊಂದು ವರ್ಷ ನಾನು ಎರಡನೇ ಇಯತ್ತೆಗೆ ಮಗ್ಗಿ ಹೇಳಿಸಿದ್ನಿ. ಕಣ್ಣಮುಂದಽ ನನಗಿಂತ ಸಣ್ಣಾಕಿಯರಿಬ್ಬರು ದೊಡ್ಡಕ್ಕೋರಾಗಿ, ಅಂದ್ರ ಸಾಲಿ ಮುಖ್ಯಸ್ಥರಾಗಿ, ಬಂದ್ರು, ಹೋದ್ರು. ನನಗ ಸೆಡವು ಬಂದು ಕುಂತಿತ್ತು. ಗಂಟಿ ಬಡದಾಗ ಒಳಗ, ಗಂಟಿ ಬಡದಾಗ ಹೊರಗ. ಹುಡುಗ್ಯಾರು ಬರಲಿ ಬಿಡಲಿ, ಸರಕಾರಕ್ಕ ಇಲ್ಲದ ಕಾಳಜಿ ನನಗ್ಯಾಕ ಅಂತಿದ್ನಿ. ಅಷ್ಟ್ರಾಗ ಇದ್ದ ದೊಡ್ಡಕ್ಕೋರಿಗೆ ಮುದ್ದೇಬಿಹಾಳಕ್ಕ ವರ್ಗ ಆತು. ಸಾಲಿ ನನ್ನ ಕೈಯಾಗ ಬಿತ್ತು, ಖುರ್ಚಿ ಮಾತ್ರ ಬರಲಿಲ್ಲ.

ಒಂದು ದಿನ ಖಾಲಾ ನನ್ನ ಮಾರಿ ನೋಡಿ ನೋಡಿ ತಡಿಲಾರದ ಅಂದ್ಲು: "ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ಮೊದಲ ಖುರ್ಚಿ ಬರಲಿ, ಆಮ್ಯಾಲೆ ಸಾಲಿ ನಂದು ಅಂತೇನಿ ಅಂತ ಕುಂತೀರಿ. ಮೊದಲ ಸಾಲಿ ನಂದು ಅನ್ರಿ. ಖುರ್ಚಿ ತಾನಽ ಹುಡುಕ್ಕೊಂಡು ಬರ್ತೈತಿ."

"ಅಕ್ಷರ ಬಾರದಾಕಿ, ನಿನಗೇನ ತಿಳೀತೈತಿ ಖಾಲಾ?" ಅಂದು ಬಿಟ್ನಿ. ನನ್ನ ಬಾಯಿ ಮೊದಲಿಂದ ಹರಕ.

ಆಕಿ ನಕ್ಕಳು. "ಹೌದ್ರಿ, ಅಕ್ಷರ ಬರೂದಿಲ್ಲ. ನಾಳಿ ಒಂದ ದಿನ ನನ್ನ ಕೂಡ ಓಣಿಗೆ ಬರ್ರಿ, ಅಷ್ಟಽ."

ಹೋದ್ನಿ. ಆ ಒಂದು ಮುಂಜಾನೆ ನನ್ನ ಕಣ್ಣು ತೆರೀತು. ಸರಕಾರ ಆಕಿಗೆ ಹೇಳಿದ್ದು ಬರೇ ಕರಿ ಅಂತ. ಆಕಿ ಕರಿಯೂದಽ ಕಡಿಮಿ. ಒಂದು ಮನ್ಯಾಗ ಅಳೂ ಕೂಸಿನ ಸಲುವಾಗಿ ಹುಡುಗಿ ಉಳದಿದ್ಲು. ಖಾಲಾ ಕೂಸನ್ನ ಬಗಲಾಗ ಎತ್ತಿಕೊಂಡು, ಅವ್ವ ರೊಟ್ಟಿ ಬಡದು ಮುಗಸೂತನಕ ನಿಂತು, ಹುಡುಗಿನ್ನ ಬಿಡಿಸಿಕೊಂಡ್ಲು. ಇನ್ನೊಂದು ಮನ್ಯಾಗ ಕೊಡಾ ತಾನಽ ಹೊತ್ತು ನೀರು ತಂದು ಹಾಕಿದ್ಲು. ಮುಂದಿನ ಮನಿ ಯಜಮಾನ ಕಟ್ಟಿ ಮ್ಯಾಲೆ ಕುಂತು, "ಸಾಲಿ ಕಲ್ತು ಏನ ಮಾಮಲೇದಾರ ಆಗ್ತಾಳೇನ ನಮ್ಮ ಹುಡುಗಿ?" ಅಂದ. "ಮಾಮಲೇದಾರ ಕಳಿಸಿದ ಕಾಗದರ ಓದ್ತಾಳ ಮಾವಾರ, ನೀವು ಸುಮ್ಮಸುಮ್ಮನ ಹೆಬ್ಬಟ್ಟ ಒತ್ತೂದು ತಪ್ಪತೈತಿ" ಅಂದ್ಲು ಖಾಲಾ. ಅಂವಾ ನಕ್ಕೋತ ಮಗಳನ್ನ ಕೂಗಿದ.

ಮರುದಿನದಿಂದ ನಾನು ಹುಕುಮಿಗೆ ಕಾಯೂದು ಬಿಟ್ನಿ. ಹತ್ತಿ ಬಿಡಸೂ ದಿನದಾಗ ಯಾರನ್ನೂ ಕೇಳದ ಸಾಲಿ ವ್ಯಾಳೆ ಬದಲಿ ಮಾಡಿದ್ನಿ. ತಮ್ಮ ತಂಗೇರನ್ನ ಎತ್ತಿಕೊಂಡು ಬಂದ್ರೂ ನಡೀತೈತಿ ಅಂದ್ನಿ. ಓಣಿಗೊಬ್ಬ ದೊಡ್ಡ ಹುಡುಗಿನ್ನ ಆರಿಸಿ, ಆ ಓಣಿ ಸಣ್ಣವರನ್ನ ಕರ್ಕೊಂಡು ಬರೂದು ನಿನ್ನ ಜಿಮ್ಮಾ ಅಂತ ವಹಿಸಿದ್ನಿ. ಅವರನ್ನ ತಯಾರು ಮಾಡಿದಾಕಿ ಖಾಲಾ. ದಿನಾ ಅವರ ಬೆನ್ನ ಹಿಂದ ಆಕಿ ಇದ್ದಽ ಇರ್ತಿದ್ಲು. ಎರಡು ವರ್ಷದಾಗ, ಒಂದು ಚಾಪಿ ತುಂಬದ ಸಾಲಿಗೆ ಪಡಸಾಲಿ ಸಾಲದಂಗಾತು.

ಖಾಲಾ ನನ್ನ ಕಡಿಂದ ಒಂದಽ ಬೇಡಿದ್ಲು. ಆಕಿ ನೌಕರಿ ಕಾಯಂ ಇದ್ದಿಲ್ಲ, ವರ್ಷಾ ವರ್ಷಾ ಮುಂದುವರಸ್ತಿದ್ರು. "ನೀವು ದೊಡ್ಡಕ್ಕೋರಾದ್ರ ನನ್ನ ಕಾಯಂ ಮಾಡಸ್ರಿ. ಇಲ್ಲಂದ್ರ ಸೊಲ್ಲಾಪುರಕ್ಕ ತಂಗಿ ಕಡೆ ಹೋಗಿ ಬೀಡಿ ಕಟ್ಟಬೇಕು. ಆ ತಂಬಾಕಿನ ಧೂಳು ನನಗ ಆಗೂದಿಲ್ರಿ, ಉಸರು ಕಟ್ಟತೈತಿ" ಅಂದಿದ್ಲು. ಆಣಿ ಮಾಡಿ ಹೂಂ ಅಂದಿದ್ನಿ.

ಮುಂದ ಇನ್ಸ್‌ಪೆಕ್ಟರ್ ಸಾಹೇಬ್ರು ತಪಾಸಣಿಗೆ ಬಂದ್ರು. ಪಡಸಾಲಿ ನೋಡಿ ದಂಗಾಗಿ, "ಏನೇನು ಮಾಡಿದಿರೋ ಬರೆದು ಕಳಿಸಿರಿ" ಅಂದ್ರು. ನನ್ನ ಕಾಲು ನೆಲಕ್ಕ ಹತ್ತಲಿಲ್ಲ. ನಾಕು ಹಾಳಿ ಬರದ್ನಿ, ದುಂಡಗ, ಚಿತ್ತಿಲ್ಲದ. ನಾನು ಹಂಗ ಮಾಡಿದೆ, ನಾನು ಹಿಂಗ ಮಾಡಿದೆ... ಖಾಲಾನ ಹೆಸರು ಎಲ್ಲೂ ಬರಲಿಲ್ಲ. ಹೋಗಲಿ, ಅಷ್ಟಕ್ಕಽ ಬಿಟ್ನೇನು? ಕಡೀಗೆ ಒಂದು ಸಾಲು ಸೇರಿಸಿದ್ನಿ: "ಈಗ ನಮ್ಮ ಶಾಲೆಯ ಹುಡುಗಿಯರು ತಾವಾಗಿಯೇ ಬರುತ್ತಾರೆ, ಕರೆಯುವವರ ಅವಶ್ಯಕತೆ ಉಳಿದಿಲ್ಲ." ಸುಳ್ಳದು. ಓದಾಕ ಚಂದ ಕಾಣ್ತು, ಬರದ್ನಿ. ಉಂಡ ಮನಿ ಗಳಾ ಎಣಸವರು ಅಂತಾರಲ್ಲ, ಅಂಥಾಕಿ ನಾನು.

ತಿಂಗಳೊಪ್ಪತ್ತಿನ್ಯಾಗ ಒಂದಽ ಲಕೋಟಿಯೊಳಗ ಎರಡು ಕಾಗದ ಬಂದ್ವು. ಒಂದು, ನನ್ನನ್ನ ದೊಡ್ಡಕ್ಕೋರು ಅಂತ ನೇಮಿಸಿದ್ದು. ಸುದ್ದಿ ಕೇಳಿ ಖಾಲಾ ಮುಷ್ಟ್ಯಾಗ ಸಕ್ಕರಿ ಹಿಡಕೊಂಡು ಓಡಿ ಬಂದ್ಲು. ಮೇಜಿನ ಮ್ಯಾಲಿನ ಇನ್ನೊಂದು ಕಾಗದ ನೋಡಿ, "ಇದು ನಂದೇನ್ರಿ? ಕಾಯಂ ಮಾಡ್ಯಾರೇನ್ರಿ? ಓದ್ರಿ ಅಕ್ಕೋರ!" ಅಂದ್ಲು.

ಓದಿದ್ನಿ. ಓದದ ಏನ ಮಾಡ್ಲಿ? ಹುಡುಗಿಯರು ತಾವಾಗಿಯೇ ಬರುತ್ತಿರುವ ಕಾರಣ ಕರೆಯುವವರ ಜಾಗ ರದ್ದು ಮಾಡಲಾಗಿದೆ ಅಂತ, ನನ್ನಽ ಮಾತು, ಸರಕಾರದ ಶಿಕ್ಕಾ ಹಾಕಿಸಿಕೊಂಡು ನನ್ನ ಕೈಗಽ ಬಂದಿತ್ತು.

ಖಾಲಾ ಬಗ್ಗಿ ಆ ಶಿಕ್ಕಾ ನೋಡಿದ್ಲು. ಆಮ್ಯಾಲೆ ಕೇಳಿದ್ಲು: "ಹುಡುಗ್ಯಾರು ತಾವಽ ಬರ್ತಾರಂತ ಅವರಿಗೆ ಯಾರ ಹೇಳಿದರ್ರಿ?"

"ಮ್ಯಾಲಿನವರು ಖಾಲಾ... ಅಲ್ಲಿ ಕುಂತವರಿಗೆ ಏನ ಗೊತ್ತಿರ್ತೈತಿ" ಅಂದ್ನಿ. ಕಣ್ಣಾಗ ನೀರು ಬಂದ್ವು. ಹೆದರಿಕಿ ನೀರು ಅವು. ಆಕಿ ತನ್ನ ಸಲುವಾಗಿ ಅಳಾಕತ್ತಾರ ಅಂತ ತಿಳಕೊಂಡ್ಲು.

"ಯಾ ಅಲ್ಲಾ! ನೀವ್ಯಾಕ ಅಳ್ತೀರಿ? ನೀವೇನ ಮಾಡೀರಿ ಪಾಪ. ಇವತ್ತ ನಿಮಗ ಖುಷಿ ದಿನ. ಬಾಯಿ ತಗೀರಿ" ಅಂದು ಆ ಸಕ್ಕರಿ ನನ್ನ ಬಾಯಾಗ ಹಾಕಿದ್ಲು. ನುಂಗಿದ್ನಿ.

ಒಂದು ಅರ್ಜಿ ಬರದಿದ್ರ ಸಾಕಿತ್ತು. ನಾನು ಬರದದ್ದು ತಪ್ಪು, ಆಕಿ ಇಲ್ಲಂದ್ರ ಈ ಸಾಲಿ ಇಲ್ಲ ಅಂತ. ಎರಡು ಸಲ ಪೆನ್ನು ಹಿಡದ್ನಿ, ಎರಡೂ ಸಲ ಹರದ್ನಿ. ಹಂಗ ಬರದ್ರ ನನ್ನ ಹೊಸ ಖುರ್ಚಿ ಏನಾದೀತು ಅನ್ನೂ ಅಂಜಿಕಿ. ಸಾಲಿ ನಂದು ಅನ್ನೂದನ್ನ ಕಲ್ತಿದ್ನಿ, ತಪ್ಪು ನಂದು ಅನ್ನಾಕ ಬಾಯಿ ಬರಲಿಲ್ಲ.

ಯುಗಾದಿ ಮುಂದ ಆಕಿ ಸೊಲ್ಲಾಪುರಕ್ಕ ಹೋದ್ಲು. ಎರಡು ವರ್ಷದಾಗ ಓಣಿ ಜಿಮ್ಮಾ ಹೊತ್ತ ದೊಡ್ಡ ಹುಡುಗ್ಯಾರು ಒಬ್ಬೊಬ್ಬರಽ ಲಗ್ನಾಗಿ ಹೋದ್ರು, ಸಣ್ಣವರು ಮನ್ಯಾಗ ಉಳದ್ರು. ನಾನಽ ಓಣಿಗೆ ಹೋದ್ರ ಹೆಣ್ಣುಮಕ್ಕಳು ಬಾಗಿಲದಾಗ ನಿಂತು, "ಖಾಲಾ ಎಲ್ಲಿ?" ಅಂತ ಕೇಳ್ತಿದ್ರು. ಮುಂದ ಲಚ್ಯಾಣದ ಒಬ್ಬಾಕಿ ಸೊಲ್ಲಾಪುರದಿಂದ ಬಂದಾಗ ಹೇಳಿದ್ಲು, ಖಾಲಾ ಕೆಮ್ಮಿ ಕೆಮ್ಮಿ ಸತ್ತಳಂತ.

ಮೊನ್ನೆ ಇಂಡ್ಯಾಗ ಹೊಸದಾಗಿ ದೊಡ್ಡಕ್ಕೋರಾದವರ ಶಿಬಿರ ಇತ್ತು. ನಿವೃತ್ತಿ ಆದವರು, ಅನುಭವ ಇದ್ದವರು ಅಂತ ನನ್ನ ಮಾತಾಡಾಕ ಕರಸಿದ್ರು. "ಹುಕುಮಿಗೆ ಕಾಯಬ್ಯಾಡ್ರಿ. ಮೊದಲ ಸಾಲಿ ನಂದು ಅನ್ರಿ" ಅಂತ ಹೇಳಿದ್ನಿ. ಮುಂದಿನ ಸಾಲಿನ್ಯಾಗ ಕುಂತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ಲು: "ಇದನ್ನ ನಿಮಗ ಯಾರು ಕಲಿಸಿದರ್ರಿ, ಅಕ್ಕೋರ?"

ಖಾಲಾ ಮಣ್ಣಾಗಿ ಎಷ್ಟೋ ವರ್ಷ ಆತು. ಈಗ ನನ್ನ ಖುರ್ಚಿ ಕಸಗೊಳ್ಳವರು ಯಾರೂ ಇಲ್ಲ, ಅಂಜಾಕ ಏನೂ ಉಳದಿಲ್ಲ. ಬಾಯಿ ತೆರದ್ನಿ...

"ಯಾರೂ ಇಲ್ಲವ್ವಾ, ನಾನಽ ಕಲ್ತೆ" ಅಂದ್ನಿ. ಎಲ್ಲಾರೂ ಚಪ್ಪಾಳಿ ಹೊಡದ್ರು.