ಫೋಟೋ ಥರಾನೇ ಇದೆ

ನಮ್ಮ ಬದರಿನಾಥನಿಗೆ ತಾನು ಕಲಾವಿದ ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ಗೊಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಟೆಸ್ಟ್ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ. ಸ್ವೀಡನ್ನಿನಲ್ಲಿ ಗೊತ್ತಾದದ್ದರಿಂದ ಬಚಾವಾದ. ಇಲ್ಲಿ ಓದುತ್ತೇನೆ ಎಂದರೆ ಕಂಪನಿ ರಜೆ ಕೊಡಲೇಬೇಕು, ಕಾನೂನೇ ಇದೆ. ಬೆಂಗಳೂರಿನಲ್ಲಾಗಿದ್ದರೆ ಮ್ಯಾನೇಜರ್ ಯಾವುದಾದರೂ ಡಾಕ್ಟರ ಹೆಸರು ಹೇಳುತ್ತಿದ್ದ.

ಅವನಿಗೆ ಆಸೆಯಿದ್ದದ್ದು ಪ್ಯಾರಿಸ್ಸಿನದು. ಅದಕ್ಕೆ ಫ್ರೆಂಚ್ ಬರಬೇಕು, ದುಡ್ಡು ಬೇಕು, ಹೆಂಡತಿ ಇಂದುಮತಿ ಒಪ್ಪಬೇಕು. ಮೂರೂ ಆಗಲಿಲ್ಲ. ಟ್ರ್ಯಾಮಿನಲ್ಲಿ ಹೋಗಿಬರುವಷ್ಟು ದೂರದ ಒಂದು ಆರ್ಟ್ ಸ್ಕೂಲಿಗೆ ಸೇರಿ, ಪ್ಯಾರಿಸ್ಸಿನ ಲೆಕ್ಕಕ್ಕೆ ಒಂದು ಫ್ರೆಂಚ್ ಟೋಪಿ ಕೊಂಡುಕೊಂಡ. ಆ ಟೋಪಿ ಕಿವಿ ಮುಚ್ಚುವುದಿಲ್ಲ. ನವೆಂಬರಿನ ಗಾಳಿಗೆ ಕಿವಿ ಹಿಡಿದುಕೊಂಡು ಅವನು ಸಂಜೆ ಬರುತ್ತಿದ್ದದ್ದು ನನ್ನ ಮನೆಗೆ. ನಾನು ಮಹೇಶ, ಅವನ ಕಾಲೇಜು ಗೆಳೆಯ, ಅದೇ ಕಟ್ಟಡದಲ್ಲಿ ಅವನ ಕೆಳಗಿನ ಮನೆಯವನು. ಕಿವಿನೋವಿನ ಮಾತ್ರೆಯೂ ಸ್ಕೂಲಿನ ಪುರಾಣವೂ ಒಟ್ಟಿಗೇ ಇಳಿಯುತ್ತಿದ್ದವು.

ಬದರಿಗೆ ಕೈಚಳಕ ಇಲ್ಲ ಎಂದರೆ ನನಗೇ ಪಾಪ ಸುತ್ತಿಕೊಳ್ಳುತ್ತದೆ. ಫೋಟೋ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿ, ಡ್ರಾಯಿಂಗ್ ಶೀಟಿನ ಮೇಲೆ ಅಷ್ಟೇ ಚೌಕ ಹಾಕಿ, ಒಂದೊಂದೇ ಚೌಕ ತುಂಬುತ್ತ ಹೋದರೆ ರೆಪ್ಪೆಯ ಕೂದಲೂ ತಪ್ಪುತ್ತಿರಲಿಲ್ಲ. ಹೈಸ್ಕೂಲಿನಿಂದ ಕನ್ನಡ ಕೂಟದವರೆಗೆ ಅವನಿಗೆ ಸಿಕ್ಕ ಹೊಗಳಿಕೆ ಒಂದೇ: ಫೋಟೋ ಥರಾನೇ ಇದೆ. ನಮ್ಮವರಲ್ಲಿ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಸ್ಕೂಲಿನಲ್ಲಿ ಮೊದಲ ವಾರವೇ ಅಂಥದ್ದೊಂದನ್ನು ತೋರಿಸಿದ. ಟೀಚರ್ ಗುನಿಲ್ಲಾ ಬಹಳ ಹೊತ್ತು ನೋಡಿ, "ಹೌದು, ಫೋಟೋ ಥರ ಇದೆ" ಎಂದು ಕಾಫಿ ಕುಡಿಯಲು ಹೋದರಂತೆ. ಬದರಿ ಖುಷಿಯಿಂದ ಮನೆಗೆ ಸಿಹಿ ತಂದ. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ಅವನಿಗೆ ದೀಪಾವಳಿ ಕಳೆಯಬೇಕಾಯಿತು.

ದಿನಚರಿ ಹೀಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಜಾಗ ಹಿಡಿಯುವುದು. ಅಲ್ಲಿ ಜಾಗಕ್ಕೆ ಯಾರೂ ಹೊಡೆದಾಡುವುದಿಲ್ಲ, ಆದರೂ ಹಿಡಿಯುವುದು. ಗುನಿಲ್ಲಾರನ್ನು ಮೇಡಂ ಎಂದು ಕರೆಯುವುದು. ಹೆಸರು ಹಿಡಿದೇ ಕರೆಸಿಕೊಂಡು ಅಭ್ಯಾಸವಿದ್ದ ಆಕೆ ಹಿಂತಿರುಗಿ ಯಾರು ಬಂದರೆಂದು ನೋಡುವುದು. ಆಮೇಲೆ ಸಿಲಬಸ್ ಕೇಳುವುದು. ಸಿಲಬಸ್ ಇಲ್ಲ, ಮಾರ್ಕ್ಸ್ ಇಲ್ಲ, ರ‍್ಯಾಂಕ್ ಇಲ್ಲ. ಜೊತೆಗಿದ್ದ ಇಪ್ಪತ್ತರ ಹುಡುಗಿಯರು ಮಧ್ಯಾಹ್ನದವರೆಗೆ ಒಂದು ಈರುಳ್ಳಿಯನ್ನು ನೋಡುತ್ತ ಕೂತು, ಕೊನೆಗೆ ಎರಡು ಗೆರೆ ಎಳೆದು, ಫೀಕಾ ಎಂದು ಕಾಫಿ-ಬನ್ನಿಗೆ ಎದ್ದುಬಿಡುತ್ತಿದ್ದರು.

"ಎರಡು ಗೆರೆ ಕಣೋ ಮಹೇಶ. ಆ ಗುನಿಲ್ಲಾ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ನಾನು ಈರುಳ್ಳಿ ಸಿಪ್ಪೆ ಮೇಲಿನ ನರ ಎಲ್ಲಾ ಬಿಡಿಸಿದೀನಿ, ನಂಗೆ ಏನೂ ಹೇಳಲ್ಲ."

"ಈರುಳ್ಳಿ ನೋಡಿ ಬರೆದ್ಯಾ?"

"ಫೋಟೋ ತಗೊಂಡೆ. ಲೈಟ್ ಚೇಂಜ್ ಆಗ್ತಿರತ್ತಲ್ಲಪ್ಪ."

ಎರಡನೇ ವರ್ಷಕ್ಕೆ ಅಲ್ಲಿ ಕೆಲವರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಗುನಿಲ್ಲಾ ಜನವರಿಯಲ್ಲಿ ಬದರಿಯನ್ನು ಕೂರಿಸಿಕೊಂಡು ನಯವಾಗಿಯೇ ಹೇಳಿದರು. ವಸಂತದ ಪ್ರದರ್ಶನಕ್ಕೆ ಒಂದು ಚಿತ್ರ ಸಾಕು. ಮನುಷ್ಯರನ್ನು ಎದುರು ಕೂರಿಸಿಕೊಂಡು, ನೋಡಿ ಬರೆದದ್ದಾಗಿರಬೇಕು. ಫೋಟೋ ಬೇಡ. ಅದಾದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಆಗಸ್ಟಿನಲ್ಲಿ ಅವನಿಗೆ ಮತ್ತೆ ಅದೇ ಕಂಪನಿ, ಅದೇ ಲಿಂಡ್‌ಹೋಲ್ಮೆನ್.

ಎದುರು ಕೂರಲು ಸಿಕ್ಕಿದವರು ಇಂದುಮತಿ. ಅವರೂ ಸಾಫ್ಟ್‌ವೇರಿನವರೇ. ಆ ವರ್ಷ ಮನೆ ನಡೆಯುತ್ತಿದ್ದದ್ದೂ ಅವರ ಸಂಬಳದಲ್ಲೇ. ವಾರವೆಲ್ಲ ದುಡಿದು, ಭಾನುವಾರ ಬಟ್ಟೆ, ಅಡುಗೆ ಮುಗಿಸಿ, ಕಿಟಕಿ ಪಕ್ಕದ ಗಟ್ಟಿ ಕುರ್ಚಿಯಲ್ಲಿ ಕೂರುತ್ತಿದ್ದರು. "ಇವ್ರ ಮುಖದಲ್ಲಿ ಆಫೀಸಿಗೆ ಹೋಗ್ತಿದ್ದಾಗ ಇಲ್ದಿರೋ ಕಳೆ ಈಗಿದೆ ಮಹೇಶ್, ಇನ್ನೊಂದ್ ವರ್ಷ ಆದ್ರೆ ಆಗ್ಲಿ ಬಿಡಿ" ಎಂದು ನನಗೇ ಹೇಳಿದ್ದರು. ಅಂಥ ಹೆಂಡತಿ ಸಿಕ್ಕಿದ್ದು ಅವನ ಪುಣ್ಯ. ಅದು ಅವನಿಗೆ ಗೊತ್ತಿರಲಿಲ್ಲ ಎಂಬುದು ನನ್ನ ಹೊಟ್ಟೆಯುರಿ.

ಮೊದಲ ಎರಡು ಭಾನುವಾರ ಬದರಿ ನಿಜಕ್ಕೂ ಪ್ರಯತ್ನಪಟ್ಟ. ಬಂದ ಮೂಗು ಯಾರದ್ದೋ, ಗಲ್ಲ ಇನ್ಯಾರದ್ದೋ. ಮೂರನೇ ಭಾನುವಾರಕ್ಕೆ ಉಪಾಯ ಮಾಡಿದ. ವಾರದ ಮಧ್ಯೆ ಇಂದುಮತಿ ವಿಡಿಯೋ ಮೀಟಿಂಗಿನಲ್ಲಿದ್ದಾಗ ಮರೆಯಿಂದ ಒಂದು ಫೋಟೋ ಹೊಡೆದ. ಫೋನನ್ನು ಡ್ರಾಯಿಂಗ್ ಹಲಗೆಯ ತನ್ನ ಬದಿಗೆ, ಇಂದುಮತಿಗೆ ಕಾಣದಂತೆ, ಕ್ಲಿಪ್ಪು ಹಾಕಿ ಸಿಕ್ಕಿಸಿ, ಚೌಕ ಹಾಕಿ ಶುರುಮಾಡಿದ.

"ಹಾಗಾದ್ರೆ ಆ ಹೆಣ್ಣುಮಗಳನ್ನ ಯಾಕೋ ಕೂರಿಸ್ತೀಯ? ಮಲಗಲಿ ಬಿಡು" ಎಂದೆ.

"ಎದುರಿಗೆ ಮಾಡೆಲ್ ಇದ್ರೆ ಆರ್ಟಿಸ್ಟ್ ಅನ್ನೋ ಫೀಲ್ ಬರತ್ತೆ ಕಣೋ."

ಚಳಿಗಾಲ ಪೂರ್ತಿ ಇಂದುಮತಿ ಆ ಫೀಲಿಗೋಸ್ಕರ ಕೂತರು.

ಪ್ರದರ್ಶನದ ದಿನ ಕನ್ನಡ ಕೂಟವೆಲ್ಲ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಬಂದಿತ್ತು. ಅದೇ ಗೋಡೆಯಲ್ಲಿದ್ದ ಆ ಹುಡುಗಿಯರ ಈರುಳ್ಳಿಯ ಎರಡು ಗೆರೆ ಯಾರಿಗೂ ಕಾಣಲಿಲ್ಲ. ಎಲ್ಲರೂ ನಿಂತದ್ದು ಇಂದುಮತಿಯ ಚಿತ್ರದ ಮುಂದೆ. ನಗುಮುಖ, ಹೊಳೆಯುವ ಕಣ್ಣು, ಮೂಗುತಿಯ ಹರಳಿನಲ್ಲಿ ಬೆಳಕು ಕೂಡ.

"ಫೋಟೋ ಥರಾನೇ ಇದೆ ಸಾರ್" ಎಂದರು ಕೂಟದ ಅಧ್ಯಕ್ಷ ರಘುನಾಥ. ಬದರಿ ಮೊದಲ ಸಲ ಆ ಮಾತಿಗೆ ಬೆವರಿದ.

ಗುನಿಲ್ಲಾ ಬಂದರು. ಚಿತ್ರ ನೋಡಿದರು, ಪಕ್ಕದಲ್ಲಿದ್ದ ಇಂದುಮತಿಯನ್ನು ನೋಡಿದರು. ಬದರಿಯನ್ನು ಏನೂ ಕೇಳಲಿಲ್ಲ. "ನೀವು ಕೂತಿದ್ದಿರಾ?" ಎಂದು ಇಂಗ್ಲಿಷಿನಲ್ಲಿ ಇಂದುಮತಿಯನ್ನೇ ಕೇಳಿದರು.

ಬದರಿ ಹೆಂಡತಿಯತ್ತ ಕಣ್ಣಿನಲ್ಲೇ ಬೇಡಿಕೊಂಡ. ಒಂದು ಹೂಂ ಸಾಕಿತ್ತು. ಇಂದುಮತಿ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಕೂತಿದ್ದೆ" ಎಂದರು. "ಪ್ರತಿ ಭಾನುವಾರ ಕೂತಿದ್ದೆ. ಇದು ನಾನು ನನ್ನ ಮ್ಯಾನೇಜರಿಗೆ ತೋರಿಸುವ ಮುಖ. ಆ ಕುರ್ಚಿಯಲ್ಲಿ ನಾನು ಒಂದು ಸಲವೂ ನಕ್ಕಿಲ್ಲ."

ಗುನಿಲ್ಲಾ ತಲೆಯಾಡಿಸಿ, ಇಂದುಮತಿಯ ತೋಳು ಮೆಲ್ಲಗೆ ಮುಟ್ಟಿ ಹೊರಟುಹೋದರು. ಎರಡನೇ ವರ್ಷ ಅಲ್ಲಿಗೆ ಮುಗಿಯಿತು.

"ಒಂದ್ ಮಾತು ಹೂಂ ಅಂದಿದ್ರೆ ಏನಾಗ್ತಿತ್ತು?" ಎಂದ ಬದರಿ. "ನಿಂಗೇನು ಕಷ್ಟ ಇತ್ತು?"

ಇಂದುಮತಿ ಆಗ ಅವನ ಕಡೆ ತಿರುಗಿದರು. ಕೋಪವಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ಫೆಬ್ರವರೀಲಿ ಒಂದಿನ ಆ ಕುರ್ಚೀಲಿ ಕೂತು ಅತ್ತುಬಿಟ್ಟೆ ಕಣ್ರೀ. ಯಾಕೋ ತುಂಬಾ ಸುಸ್ತಾಗಿತ್ತು. ಕಣ್ಣೊರ್ಸ್ಕೊಳ್ಳೋಕೆ ಕೈ ಎತ್ತಿದೆ. ಅಲ್ಲಾಡ್ಬೇಡ ಅಂದ್ರಿ."