ಉಪ್ಪನ ತಂಡ ಸೋತ ಸಂಜೆ

ಪುದೀನ ಹಾಕಿದ ಸುಲೈಮಾನಿಯ ಪರಿಮಳ ಎಲ್ಲಿ ಮೂಗಿಗೆ ಬಡಿದರೂ ನನಗೆ ಸೌದಿಯ ಅಲ್ ಖೋಬರಿನ ನಮ್ಮ ಮೂರನೆಯ ಮಹಡಿಯ ಮನೆ ನೆನಪಾಗುತ್ತದೆ. ಶನಿವಾರ ಸಂಜೆ ಉಮ್ಮ ಆ ಕಪ್ಪು ಚಹಾವನ್ನು ಗ್ಲಾಸುಗಳಿಗೆ ಸುರಿಯುತ್ತಿದ್ದರೆ, ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಲ್ಯಾಪ್‌ಟಾಪ್ ತೆರೆದು ಇಂಗ್ಲೆಂಡಿನ ಮೂರನೆಯ ದರ್ಜೆಯ ಫುಟ್‌ಬಾಲ್ ಲೀಗನ್ನು ಹುಡುಕುತ್ತಿದ್ದರು. ಊರೆಲ್ಲ ದೊಡ್ಡ ಕ್ಲಬ್ಬುಗಳ ಹಿಂದೆ ಬಿದ್ದಿದ್ದರೆ ನಮ್ಮ ಉಪ್ಪನಿಗೆ ಬೇಕಾದದ್ದು ಯಾರೂ ಹೆಸರು ಕೇಳಿರದ ಒಂದು ಬಂದರು ಪಟ್ಟಣದ ತಂಡ. ಅವರ ಕಂಪೆನಿಯಲ್ಲಿದ್ದ ಇಂಜಿನಿಯರೊಬ್ಬರು ಆ ಪಟ್ಟಣದವರಂತೆ. ಕೆಲಸ ಬಿಟ್ಟು ಹೋಗುವಾಗ ತಂಡದ ನೀಲಿ ಉಣ್ಣೆಯ ಶಾಲನ್ನು ಉಪ್ಪನ ಕೊರಳಿಗೆ ಹಾಕಿ ಹೋಗಿದ್ದರು. ಖೋಬರಿನ ಸೆಕೆಯಲ್ಲಿ ಎಸಿ ಜೋರು ಮಾಡಿ ಉಪ್ಪ ಅದನ್ನು ಸುತ್ತಿಕೊಂಡು ಕೂರುತ್ತಿದ್ದರು. "ಎಂತ ಮರುಳು ಮಾರಾಯ್ರೆ ನಿಮ್ಮದು," ಎಂದು ಉಮ್ಮ ನಗುತ್ತಿದ್ದರು. ಹತ್ತು ವರ್ಷದ ನಾನು ಆಟಗಾರರ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದೆ.

ಆ ವರ್ಷ ತಂಡ ಎಂದೂ ಇಲ್ಲದಂತೆ ಗೆಲ್ಲುತ್ತಾ ಹೋಯಿತು. ಅದೇ ವರ್ಷ ನಮ್ಮ ಕಟ್ಟಡದಿಂದ ಒಂದೊಂದೇ ಸಂಸಾರ ಊರಿಗೆ ಹೊರಟಿತು. ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳುವುದು ದುಬಾರಿಯಾಗಿ, ಗಂಡಸರು ಅವರನ್ನು ಕಳುಹಿಸಿ ನಾಲ್ಕೈದು ಜನ ಒಂದು ರೂಮು ಹಿಡಿಯುತ್ತಿದ್ದರು. ಶಾಲೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾದ ದಿನ ಹೆದರಿ ಕೇಳಿದೆ, "ಉಪ್ಪ, ನಾವೂ ಹೋಗ್ಬೇಕಾ?" ಅವರು, "ನಮ್ಮ ತಂಡ ಮೇಲಿನ ಲೀಗಿಗೆ ಹೋದ್ರೆ ನಾವು ಇಲ್ಲೇ ಇರುವ, ಆಯ್ತಾ?" ಎಂದರು. ನಾನು ನಂಬಿದೆ. ಉಪ್ಪ ಹೇಳಿದ ಮೇಲೆ ಮುಗಿಯಿತು.

ಕೊನೆಯ ಪಂದ್ಯ ಡ್ರಾ ಆದರೂ ಸಾಕಿತ್ತು. ದ್ವಿತೀಯಾರ್ಧದ ನಡುವೆ ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಬಾಂಗ್ ಕೇಳಿತು. ಉಪ್ಪ ಲ್ಯಾಪ್‌ಟಾಪ್ ಮುಚ್ಚಿದರು. ಮುಂದೆ ಉಪ್ಪ, ಹಿಂದೆ ಉಮ್ಮ ಮತ್ತು ನಾನು. ನಮಾಜು ಮುಗಿಸಿ ಕೈ ಎತ್ತಿ, ನೋಡಿಯೇ ಇರದ ಒಂದು ಪಟ್ಟಣದ ಹನ್ನೊಂದು ಮಂದಿಗಾಗಿ ದುಆ ಮಾಡಿದೆ. ಉಪ್ಪನ ದುಆ ಅಂದು ಎಂದಿಗಿಂತ ಉದ್ದವಾಗಿತ್ತು. ಮತ್ತೆ ತೆರೆದಾಗ ಪಂದ್ಯ ಇನ್ನೂ ಸಮಸಮ. ಕೊನೆಯ ನಿಮಿಷದಲ್ಲಿ ನಮ್ಮ ಗೋಲ್‌ಕೀಪರನ ಕೈಯಿಂದ ಚೆಂಡು ಗೋಲಿನೊಳಗೆ ಜಾರಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಉಪ್ಪ ನನ್ನ ತಲೆ ಸವರಿ, "ಎಂತ ಮಾಡುವುದು, ಸೋತ್ರಲ್ಲ," ಎಂದರು. ತಿಂಗಳೊಳಗೆ ಉಮ್ಮನೂ ನಾನೂ ಮಂಗಳೂರಿನ ವಿಮಾನ ಹತ್ತಿದೆವು.

ವರ್ಷಗಟ್ಟಲೆ ಆ ಗೋಲ್‌ಕೀಪರನಿಗೆ ಶಾಪ ಹಾಕಿದೆ. ಈ ವರ್ಷ ಕಾಲೇಜಿಗೆ ಹಳೆಯ ದಾಖಲೆ ಹುಡುಕುವಾಗ ನಮ್ಮಿಬ್ಬರ ಫೈನಲ್ ಎಕ್ಸಿಟ್ ಸಿಕ್ಕಿತು. ಸೌದಿಯಲ್ಲಿ ವಾಸ ಮುಗಿಸಿ ಹೊರಡುವವರಿಗೆ ಕೊಡುವ ಕಾಗದ. ಪಂದ್ಯಕ್ಕಿಂತ ಮೂರು ವಾರ ಮೊದಲೇ ಅದು ತಯಾರಾಗಿತ್ತು. ಜಗತ್ತಿನಲ್ಲಿ ಯಾರು ಮೋಸ ಮಾಡಿದ್ದರೂ ಸಹಿಸುತ್ತಿದ್ದೆನೇನೋ, ಉಪ್ಪ ಮಾಡಿದ್ದನ್ನು ಸಹಿಸಲಾಗಲಿಲ್ಲ. ಖೋಬರಿನಲ್ಲಿ ಇನ್ನೂ ನಾಲ್ವರ ಜೊತೆ ರೂಮಿನಲ್ಲಿರುವ ಅವರಿಗೆ ಆಗಲೇ ಫೋನು ಮಾಡಿ ಆ ತಾರೀಕು ಓದಿ ಹೇಳಿದೆ.

"ಅವ್ರು ಗೆದ್ದಿದ್ರೆ ನಂಗೆ ಎಂತ ಹೇಳ್ತಿದ್ರಿ ಉಪ್ಪ?"

"ಅದಕ್ಕೇ ಮಗಾ," ಎಂದರು, "ಆ ದಿನ ನಮಾಜು ಆದ್ಮೇಲೆ ನಾನು ಕೇಳಿದ್ದು ಅವ್ರು ಸೋಲಲಿ ಅಂತ."

ಆ ಮೂರನೆಯ ಮಹಡಿಯಲ್ಲಿ ಈಗ ಬೇರೆ ಯಾರೋ ಇದ್ದಾರೆ.