ಅಜ್ಜನ ಉತ್ತರಕ್ಕೆ ಸೊನ್ನೆ

ಹೋದ ವಾರ ಆನಂದಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೆಂಗಸೊಬ್ಬಳು ಬಂದವಳೇ ಕಾಲು ಮುಟ್ಟಿ ನಮಸ್ಕರಿಸಿ, ಎದ್ದು ನಿಂತು ಹೇಳಿದಳು: "ಸಾರ್, ನೀವು ನಂಗೆ ಸೊನ್ನೆ ಕೊಟ್ಟಿದ್ರಿ."

ಆಶೀರ್ವಾದಕ್ಕೆ ಎತ್ತಿದ ಕೈ ಹಾಗೇ ನಿಂತಿತು.

ಸುಮಿತ್ರಾ. ಹೊಸನಗರದ ಕಡೆಯ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಈಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅವಳೂ ಹಿಸ್ಟರಿ ಟೀಚರ್. (ರಿಟೈರಾದ ಮೇಷ್ಟ್ರಿಗೆ ಇನ್ನೇನು ಬೇಕು?) ಆ ದಿನಗಳೆಲ್ಲ ಕಣ್ಣ ಮುಂದೆ ಬಂದವು. ಇಂಡಿಯಾ ಮ್ಯಾಪನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ಕ್ಲಾಸಿಗೆ ಹೋಗುತ್ತಿದ್ದೆ. ಮಕ್ಕಳು ಇಸವಿಗಳನ್ನು ಮಗ್ಗಿಯ ರಾಗದಲ್ಲಿ ಹೇಳುತ್ತಿದ್ದರು. ಪಾಣಿಪತ್ ಯುದ್ಧ ಮೇಜಿನ ಮೇಲೆ, ಡಸ್ಟರ್ ಮತ್ತು ಚಾಕ್‌ಪೀಸುಗಳ ನಡುವೆ. ಎಷ್ಟು ಚಂದದ ದಿನಗಳು! ಈಗಲೂ ಶಾಲೆಯ ಬೆಲ್ ಕೇಳಿದರೆ ಎದ್ದು ಹೊರಡೋಣ ಅನ್ನಿಸುತ್ತದೆ.

"ಸೊನ್ನೆ ಎಂತಕ್ಕೆ ಕೊಟ್ನೇ ಮಾರಾಯ್ತಿ?"

"ದೇಶ ವಿಭಜನೆ ಪಾಠ ಸಾರ್. ನಿರಾಶ್ರಿತರು ಅಂದ್ರೆ ಯಾರು ಅಂತ ಟೆಸ್ಟಲ್ಲಿ ಕೇಳಿದ್ರಿ. ನಾನು 'ನಮ್ಮಜ್ಜ' ಅಂತ ಬರ್ದಿದ್ದೆ."

ನೆನಪಾಯಿತು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿ, ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದ ಸಂಸಾರ ಅವರದು. 'ಮುಳುಗಡೆಯವರು' ಎಂದು ನಾವು ಇಂದಿಗೂ ಕರೆಯುತ್ತೇವಲ್ಲ, ಅವರು. ಅಜ್ಜ ಹೇಳಿದ್ದನ್ನೆಲ್ಲ ಹುಡುಗಿ ಒಂದು ಪುಟ ಬರೆದಿದ್ದಳು. ನಾನು ಅದನ್ನು ಜೋರಾಗಿ ಓದಿ ಇಡೀ ಕ್ಲಾಸನ್ನು ನಗಿಸಿದ್ದೆ. 'ಪಠ್ಯದಲ್ಲಿರುವುದನ್ನು ಬರೆ' ಎಂದು ಷರಾ ಬೇರೆ!

ಏನು ತಪ್ಪಿತ್ತು ಆ ಉತ್ತರದಲ್ಲಿ? ಅದು ಸರಿಯೇ ಇತ್ತೆಂದು ಆಗ ಹೊಳೆಯಲೇ ಇಲ್ಲ.

"ಪೇಪರ್‌ನ ಅಜ್ಜಂಗೆ ತೋರ್ಸಿದ್ದೆ ಸಾರ್. 'ನನ್ ಮಾತು ಕೇಳಿ ನಿನ್ ಮಾರ್ಕ್ಸ್ ಹಾಳಾಯ್ತಲ್ಲೇ' ಅಂದ್ರು. ಆಮೇಲೆ ಎಷ್ಟು ಕೇಳಿದ್ರೂ ಆ ಊರಿನ ಸುದ್ದೀನೇ ಎತ್ತಲಿಲ್ಲ. ಹಂಗೇ ಹೋಗ್ಬಿಟ್ರು."

ನಾಚಿಕೆಯಾಯಿತು. ಕ್ಷಮೆ ಕೇಳಿದೆ. "ಅಯ್ಯೋ, ಬಿಡಿ ಸಾರ್" ಎಂದಳು. ಆದರೆ ಅವಳು ಮಾತು ನಿಲ್ಲಿಸಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಮನೆಗಳ ಪಾಯ ಮೇಲೆ ಕಾಣುತ್ತದೆ. ಮುಳುಗಡೆಯವರು ಕೆಲವರು ಹೋಗಿ ತಮ್ಮ ಮನೆಯಿದ್ದ ಜಾಗಕ್ಕೆ ಹೂವಿಟ್ಟು ಬರುತ್ತಾರೆ. ಈ ಸಲ ಸುಮಿತ್ರಾ ತನ್ನ ಒಂಬತ್ತನೇ ಕ್ಲಾಸಿನ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದಳಂತೆ.

"ಒಂದೇ ಸಾಲಲ್ಲಿ ಏಳು ಮನೆ ಪಾಯ ಕಾಣ್ತಿತ್ತು ಸಾರ್. 'ನಿಮ್ಮನೆ ಯಾವ್ದು ಮಿಸ್?' ಅಂತ ಮಕ್ಳು ಕೇಳಿದ್ರು. ಊರು ಬಿಟ್ಟಾಗ ಅಪ್ಪಂಗೆ ಎರಡು ವರ್ಷ, ಅವ್ರಿಗೂ ಗೊತ್ತಿಲ್ಲ. ಹೂವು ಹಿಡ್ಕೊಂಡು ಸುಮ್ನೆ ನಿಂತಿದ್ದೆ."

ಬಸ್ಸು ಬಂತು. ನನ್ನ ಚೀಲ ಹಿಡಿದು ಹತ್ತಿಸಿ, ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟೇ ಇಳಿದಳು. ಸಾಗರ ಬರುವವರೆಗೂ ಲೆಕ್ಕ ಹಾಕುತ್ತಾ ಕೂತಿದ್ದೆ. ಮೂವತ್ತು ವರ್ಷದ ಸರ್ವೀಸು, ಎಷ್ಟು ಕ್ಲಾಸು, ಎಷ್ಟು ಟೆಸ್ಟು!

ಇನ್ನೆಷ್ಟು ಮನೆಯ ಅಜ್ಜಂದಿರ ಬಾಯಿ ಮುಚ್ಚಿಸಿದ್ದೇನೋ?